ಗೋಡೆ ಕಡೆ ತಿರುಗು

ಮಾರ್ಚ್ 3, ಸೋಮವಾರ

ಇಡೀ ದಿನ ಬೈಫೋಕಲ್. ಲೆನ್ಸ್ ಉಜ್ಜುವ ಮಿಷನ್ನಿನ ನೀರು ಮತ್ತೆ ಸೋರುತ್ತಿದೆ. ಮಾಲೀಕರು "ನೋಡೋಣ" ಅಂದರು. ಕನ್ನಡಕದ ಅಂಗಡಿ ಇಟ್ಟವರು ನೋಡೋಣ ಅಂದರೆ ನಂಬಲೇಬೇಕಲ್ಲ. ಕಾಲಡಿ ಗೋಣಿಚೀಲ ಹಾಕಿಕೊಂಡು ಕೆಲಸ ಮಾಡಿದೆ. ಚಪ್ಪಲಿ ಒದ್ದೆ, ಸೊಂಟ ನೋವು.

ಮನೆಗೆ ಬಂದರೆ ಅಪ್ಪ ಊಟದ ಮೇಜಿನ ಮೇಲೆ ಒಂದು ಕಾಗದ ಹರಡಿಕೊಂಡು ಕೂತಿದ್ದರು. ಲೈಸೆನ್ಸ್ ಆಫೀಸಿನದು. ಇನ್ನು ಮುಂದೆ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು ಇರಬೇಕಂತೆ. ಹೆಚ್ಚಿಗೆ ಇದ್ದದ್ದನ್ನು ಏಪ್ರಿಲ್ ಮುಗಿಯುವುದರೊಳಗೆ ಡೀಲರಿಗೆ ಒಪ್ಪಿಸಬೇಕು, ಇಲ್ಲವೇ ಲೈಸೆನ್ಸ್ ಇರುವ ಇನ್ನೊಬ್ಬರ ಹೆಸರಿಗೆ ಮಾಡಿಸಬೇಕು.

ಅಪ್ಪನ ಹತ್ತಿರ ಮೂರಿವೆ. ಅಜ್ಜನ ಜೋಡಿ ನಳಿಕೆಯದು. ಕ್ಲಬ್ಬಿನಲ್ಲಿ ಹಾರುವ ಮಣ್ಣಿನ ತಟ್ಟೆಗೆ ಗುರಿ ಇಡಲು ಕೊಂಡದ್ದು ಒಂದು. ಇನ್ನೊಂದು ಹಳೆಯ ಒಂಟಿ ನಳಿಕೆಯದು, ಅದನ್ನು ಬರೀ "ಒಂಟಿ" ಅನ್ನುತ್ತಾರೆ.

"ಒಂದನ್ನ ಕೊಟ್ಬಿಡ್ಬೇಕಂತೆ ಪುಟ್ಟಿ," ಅಂದರು.

"ಬೇಜಾರಾಯ್ತಾ ಅಪ್ಪಾ?"

"ರೂಲ್ ಅಂದ್ರೆ ರೂಲ್. ಬೇಜಾರು ಆಮೇಲೆ."

ನನಗೆ ಈಗ ನಲವತ್ತೆಂಟು. ತಲೆಗೂದಲು ಅರ್ಧ ಬೆಳ್ಳಗಾಗಿದೆ. ಈ ಮನೆಯಲ್ಲಿ ಇನ್ನೂ ಪುಟ್ಟಿ.

ಮಾರ್ಚ್ 5

ಬಂದೂಕಿನ ನಂಬರ್ ಬರೆದು ಕಳಿಸಬೇಕು. ಅದಕ್ಕೆ ಬಂದೂಕಿಟ್ಟ ಬೀರು ತೆಗೆಯಬೇಕು. ಕ್ಯಾರೆಟ್ ಹೆಚ್ಚುತ್ತಿದ್ದೆ.

"ಗೋಡೆ ಕಡೆ ತಿರುಗು," ಅಂದರು ಅಪ್ಪ.

ತಿರುಗಿದೆ. ಚಾಕು, ಅರ್ಧ ಕ್ಯಾರೆಟ್ ಕೈಯಲ್ಲೇ.

ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಆದರೆ ನಾವು ಬೆಳೆದದ್ದೇ ಹೀಗೆ. ಬೀರಿನ ಬೀಗದ ಕೈ ಎಲ್ಲಿದೆ ಅನ್ನುವುದು ಲೈಸೆನ್ಸ್ ಇದ್ದವನೊಬ್ಬನಿಗೇ ಗೊತ್ತಿರಬೇಕು — ಇದು ರೂಲ್. ಅಪ್ಪ ಅದನ್ನು ತೆಗೆಯಲು ಹೊರಟರೆ ಅಮ್ಮ, ನಾನು, ತಮ್ಮ ಎದ್ದು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದೆವು. ಯಾರಾದರೂ ಕಂಡರು ಅನ್ನಿಸಿದರೆ ಅವತ್ತೇ ಜಾಗ ಬದಲು. "ನನ್ನ ಒಡವೆ ಎಲ್ಲಿದೆ ಅಂತ ಇವ್ರಿಗೆ ಗೊತ್ತು, ಇವ್ರ ಬೀಗದ ಕೈ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ. ಇದ್ಯಾವ ಸಂಸಾರ?" ಅನ್ನುತ್ತಿದ್ದಳು ಅಮ್ಮ. ಗೊತ್ತಾಗದೆಯೇ ಹೋದಳು. ಕ್ಲಬ್ಬಿನಲ್ಲಿ ಅಪ್ಪ ಸೇಫ್ಟಿ ನೋಡಿಕೊಳ್ಳುತ್ತಿದ್ದವರು. ಹುಡುಗರೆಲ್ಲ "ರೂಲ್ಸ್ ತಾತ" ಅಂತಲೇ ಕರೆಯುತ್ತಿದ್ದದ್ದು. ನಮ್ಮ ಮನೆಯಲ್ಲಿ ಪೊರಕೆಯನ್ನು ಕೂಡ ಯಾರ ಕಡೆಗೂ ತೋರಿಸುವ ಹಾಗಿಲ್ಲ. ಛತ್ರಿ ಹಿಡಿದರೆ ಮೂತಿ ನೆಲಕ್ಕೆ.

ಗೋಡೆ ನೋಡುತ್ತ ನಿಂತೇ ಇದ್ದೆ. ಹಿಂದೆ ಡ್ರಾಯರ್ ಎಳೆದ ಸದ್ದು. ಡಬ್ಬಿ ಮುಚ್ಚಳ. ಮತ್ತೆ ಡ್ರಾಯರ್.

"ಇಲ್ಲೇ ಇತ್ತಲ್ಲ..." ಅಂದರು.

ಮಾರ್ಚ್ 6

ಬೀಗದ ಕೈ ಸಿಕ್ಕಿಲ್ಲ. ಬೀರು ಅಪ್ಪನ ಕೋಣೆಯಲ್ಲಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದು. ಬಾಗಿಲು ತಳ್ಳಿದರೆ ಬೀಗ ತಾನೇ ಬೀಳುತ್ತದೆ, ತೆಗೆಯುವುದಕ್ಕೆ ಮಾತ್ರ ಕೀ ಬೇಕು. ಅದಕ್ಕೇ ಅಪ್ಪನ ಮಂತ್ರ — "ಕೈಯಲ್ಲಿ ಕೀ, ಆಮೇಲೆ ಬಾಗಿಲು." ತೋಟಾ ಇಡುವ ಚಿಕ್ಕ ಪೆಟ್ಟಿಗೆ ಬೇರೆ, ಅದು ಸಾಮಾನಿನ ಕೋಣೆಯಲ್ಲಿ. ಬಂದೂಕು, ತೋಟಾ ಒಂದೇ ಕಡೆ ಇರಬಾರದು. ಅದರ ಕೀಯೂ ಇಲ್ಲ.

ಮರೆವು ಹೊಸದಲ್ಲ. ಜನವರಿಯಲ್ಲಿ ಡಾಕ್ಟರು ಸ್ಕ್ಯಾನ್ ತೋರಿಸಿ ಕಾಯಿಲೆಯ ಹೆಸರು ಹೇಳಿದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಇದು ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ?" ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಅಪ್ಪ "ಸರಿ" ಅಂತ ಶರ್ಟಿನ ಗುಂಡಿ ಹಾಕಿಕೊಂಡರು.

ಮಾರ್ಚ್ 9, ಭಾನುವಾರ

ತಮ್ಮ ಬಂದಿದ್ದ. ಇಬ್ಬರೂ ಸೇರಿ ಮನೆ ಜಾಲಾಡಿದೆವು. ಹಾಸಿಗೆ ಎತ್ತಿ, ಗಡಿಯಾರ ಬಿಚ್ಚಿ, ಅಕ್ಕಿ ಡಬ್ಬಿಗೆ ಕೈ ಹಾಕಿ. ಸಿಕ್ಕಿದ್ದು — ಅಮ್ಮನ ಹೇರ್ ಪಿನ್, ಬರೆಯದ ಪೆನ್ನುಗಳು, ಹೋದ ವರ್ಷ ನಾನೇ ಮಾಡಿಕೊಟ್ಟ ಕನ್ನಡಕ. ಅದನ್ನು ಯಾರೋ ಕದ್ದರು ಅಂತ ಅಪ್ಪ ವಾರಗಟ್ಟಲೆ ದೂರಿದ್ದರು. ಬೂಟಿನೊಳಗಿತ್ತು.

"ಆಫೀಸಿಗೆ ಮಾತ್ರ ಹೇಳ್ಬೇಡ ಅಕ್ಕಾ," ಅಂದ ತಮ್ಮ. ಟೈಲ್ಸ್ ವ್ಯಾಪಾರ ಮಾಡುತ್ತಾನೆ, ಮಾತು ಯಾವಾಗಲೂ ಪಾಲಿಶ್. "ಕೀ ಕಳೆದಿದೆ, ಅಪ್ಪಂಗೆ ಮರೆವು ಅಂದ್ರೆ ಮೂರನ್ನೂ ಎತ್ಕೊಂಡು ಹೋಗ್ತಾರೆ. ಅಪ್ಪ ಉಳೀತಾರಾ?"

"ಮತ್ತೆ ಅಜ್ಜನದ್ದನ್ನ ನೀನು ಇಟ್ಕೋ. ನಿಂಗೂ ಲೈಸೆನ್ಸ್ ಇದೆ, ನಿನ್ನ ಹತ್ರ ಒಂದೇ ಬಂದೂಕು ಇರೋದು."

"ಎಲ್ಲಿ ಇಟ್ಕೊಳ್ಳಲಿ? ದೊಡ್ಡ ಬೀರು ಬೇಕು, ಗೋಡೆಗೆ ಬೋಲ್ಟ್ ಹಾಕ್ಬೇಕು. ನಮ್ಮ ಮನೆ ಓನರ್ ಕ್ಯಾಲೆಂಡರಿಗೆ ಮೊಳೆ ಹೊಡೆಯೋಕೂ ಬಿಡಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅವನಿಗೆ. ಟೀ ಕುಡಿದು ಹೊರಟ. ಮನೆ ಜೋಡಿಸುವ ಕೆಲಸ ನನ್ನ ಪಾಲಿಗೆ.

ಮಾರ್ಚ್ 10

ಬೆಳಗ್ಗೆ ಅಪ್ಪ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

"ಕೀ ಯಾರು ತಗೊಂಡಿದ್ದು ಅಂತ ನಂಗೆ ಗೊತ್ತು."

"ಯಾರು ಅಪ್ಪಾ?"

"ಅವತ್ತು ಗೋಡೆ ಕಡೆ ತಿರುಗು ಅಂದಾಗ ನೀನು ಪೂರ್ತಿ ತಿರುಗಿರಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನೂ ನೋಡಿಕೊಂಡೆ — ತಿರುಗಿದ್ದೆನೋ ಇಲ್ಲವೋ. ತಿರುಗಿದ್ದೆ. ಕ್ಯಾರೆಟ್ ಇತ್ತು ಕೈಯಲ್ಲಿ.

ಅಂಗಡಿಯಲ್ಲಿ ಒಬ್ಬ ಹೆಂಗಸಿನ ಫ್ರೇಮಿಗೆ ಸ್ಕ್ರೂ ಹಾಕುತ್ತ ಅತ್ತೆ. "ಕಣ್ಣಿಗೆ ಧೂಳು" ಅಂದೆ. ಅವರು "ನೀವೇ ಒಂದು ಕನ್ನಡಕ ಹಾಕ್ಕೊಳ್ಳಿ ಮೇಡಂ" ಅಂದರು.

ಮಾರ್ಚ್ 12

ಬೀರಿನ ಇನ್ನೊಂದು ಬೀಗದ ಕೈ, ಸ್ಪೇರ್, ಬಂದೂಕಿನ ಅಂಗಡಿಯವರ ಹತ್ತಿರ ಇರುವುದು ನೆನಪಾಯಿತು. ಹಳೆಯ ಡೀಲರ್, ಲೈಸೆನ್ಸ್ ಇದ್ದವರು, ಅವರ ಹತ್ತಿರ ಇದ್ದರೆ ತಪ್ಪಿಲ್ಲ ಅನ್ನುತ್ತಿದ್ದರು ಅಪ್ಪ. ಅಪ್ಪನ ಬಂದೂಕುಗಳ ರಿಪೇರಿ ಎಲ್ಲ ಅವರದೇ. ಮಧ್ಯಾಹ್ನ ಊಟ ಬಿಟ್ಟು ಬಸ್ ಹಿಡಿದು ಹೋದೆ.

"ಅಯ್ಯೋ, ನಿಮ್ಮ ತಂದೆಯವರೇ ಬಂದು ತಗೊಂಡು ಹೋದ್ರಲ್ಲಮ್ಮಾ."

"ಯಾವಾಗ?"

"ಜನವರಿ ಇರಬೇಕು. ಒಬ್ಬರೇ ಬಂದಿದ್ರು. ತುಂಬಾ ಹೊತ್ತು ಕೂತಿದ್ರು. ಗಟ್ಟಿ ಗ್ರೀಸ್ ಒಂದು ಡಬ್ಬಿ ತಗೊಂಡ್ರು. ಟೀ ಕುಡೀರಿ ಅಂದೆ, ಬೇಡ, ಕೆಲಸ ಇದೆ ಅಂದ್ರು."

ಅಲ್ಲಿಗೆ ಅದೂ ಹೋಯಿತು. ಒಂದು ಕೈ ಮನೆಯಲ್ಲೆಲ್ಲೋ ಇದೆ ಅಂತ ಇದ್ದದ್ದು ಈಗ ಎರಡಾಯಿತು. ಹುಡುಕಿದ ನಮಗೆ ಸಿಗುತ್ತಿಲ್ಲ. ಹುಡುಕದೆ ಇರುವಾಗ ಅಪ್ಪನಿಗೆ ಸಿಕ್ಕರೆ? ಬೂಟಿಗೆ ಕಾಲು ಹಾಕಿದರೆ ಕನ್ನಡಕ ಸಿಕ್ಕ ಹಾಗೆ...

ಬಸ್ಸಿನಲ್ಲಿ ಬರುವಾಗ ಇದೊಂದೇ ಯೋಚನೆ.

ಮಾರ್ಚ್ 27

ಬರೆದಿಲ್ಲ. ಬರೆಯುವಷ್ಟು ಶಕ್ತಿ ಇರಲಿಲ್ಲ. ಅಂಗಡಿಯಿಂದ ದಿನಕ್ಕೆ ನಾಲ್ಕು ಸಲ ಮನೆಗೆ ಫೋನ್. ಅಪ್ಪ ಎತ್ತಿದರೆ ಒಂದು ಭಯ, ಎತ್ತದಿದ್ದರೆ ಇನ್ನೊಂದು.

ಅಪ್ಪ ಈಗ ನಾನು ಕೊಟ್ಟ ಟೀಯನ್ನು ಮೂಸಿ ನೋಡಿ ಕುಡಿಯುತ್ತಾರೆ.

ಮಾರ್ಚ್ 29, ಶನಿವಾರ

ಅರ್ಧ ದಿನ ರಜೆ. ಬಟ್ಟೆ ಒಗೆಯುತ್ತಿದ್ದೆ. ಹಿತ್ತಲ ಕಡೆ ಮಾತು ಕೇಳಿಸಿತು.

ಕರೆಂಟಿನ ಮೀಟರ್ ನೋಡುವವ ಬಂದಿದ್ದ. ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. ಹೆಗಲಿಗೆ ಏರಿಸಿ, ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ — ಛತ್ರಿ. ಛತ್ರಿಯ ಮೂತಿ ಅವನ ಎದೆಗೆ ನೇರ.

ಅವನು ತಮಾಷೆ ಅಂದುಕೊಂಡ. ಎರಡೂ ಕೈ ಮೇಲೆತ್ತಿ, "ಬಿಲ್ ಜಾಸ್ತಿ ಬಂದ್ರೆ ನನ್ನನ್ಯಾಕೆ ಸಾರ್ ಸುಡ್ತೀರಾ?" ಅಂತ ನಕ್ಕ. ಅಪ್ಪ ನಗಲಿಲ್ಲ.

ನಾನು ಬೆರಳು ನೋಡಿದೆ. ಸುಡುವ ಕ್ಷಣದ ತನಕ ಬೆರಳು ಚಾಚಿಯೇ ಇರಬೇಕು, ಟ್ರಿಗರ್ ಮುಟ್ಟಬಾರದು ಅಂತ ಜನ್ಮಪೂರ್ತಿ ಹೇಳಿಕೊಟ್ಟವರು. ಆ ಬೆರಳು ಮಡಚಿತ್ತು.

ಕೂಗಲಿಲ್ಲ. ಅದನ್ನೂ ಅವರೇ ಹೇಳಿಕೊಟ್ಟದ್ದು — ಕೂಗಬಾರದು, ಪಕ್ಕದಿಂದ ಬಂದು ನಳಿಕೆಯನ್ನು ಮೆಲ್ಲಗೆ ನೆಲದ ಕಡೆ ಒತ್ತಬೇಕು. ಒತ್ತಿದೆ. ಕೈ ಸಡಿಲ ಬಿಟ್ಟರು.

"ಕಳ್ಳ ಬಂದಿದ್ದ," ಅಂದರು. "ಪರವಾಗಿಲ್ಲ. ಒಂಟಿ ಹೊರಗೇ ಇಟ್ಕೊಂಡಿದೀನಿ."

ಮೀಟರಿನವ ಹೋದ ಮೇಲೆ ಬಕೆಟ್ಟಿನ ಪಕ್ಕ ಕೂತೆ. ಛತ್ರಿ ಅನ್ನುವುದು ನನ್ನ ಕಣ್ಣಿಗೆ. ಅವರ ಕಣ್ಣಿಗೆ ಅದು ಛತ್ರಿ ಆಗಿರಲಿಲ್ಲ. ಯಾರ ಕಡೆಗೂ ಪೊರಕೆ ತೋರಿಸದ ಮನುಷ್ಯ. ಕೀ ಸಿಕ್ಕ ದಿನ ಏನಾಗುತ್ತದೆ ಅಂತ ಇನ್ನು ಯೋಚಿಸುವ ಅಗತ್ಯ ಇಲ್ಲ, ನೋಡಿದ್ದಾಯಿತು. ಅಥವಾ ಒಂಟಿ ನಿಜವಾಗಿಯೂ ಹೊರಗೇ ಇದೆಯೋ? ಮತ್ತೆ ಮನೆಯೆಲ್ಲ ಹುಡುಕಿದೆ. ಇಲ್ಲ. ಇದ್ದರೂ ನನಗೆ ಸಿಗಲಿಲ್ಲ.

ಮಾರ್ಚ್ 31, ಸೋಮವಾರ, ಮಧ್ಯಾಹ್ನ

ಲೈಸೆನ್ಸ್ ಆಫೀಸಿನಿಂದ ಹೊರಗೆ ಬಂದು ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೇಳಿಬಿಟ್ಟೆ.

ಅಲ್ಲಿನ ಆಫೀಸರ್ ನನ್ನ ವಯಸ್ಸಿನ ಹೆಂಗಸು. ಮೇಜಿನ ತುಂಬ ಫೈಲು, ಕಣ್ಣಡಿ ಕಪ್ಪು. ಅವರೂ ನನ್ನ ಹಾಗೇ ನಿದ್ದೆ ಇಲ್ಲದವರು ಅನ್ನಿಸಿತು. ಪೂರ್ತಿ ಕೇಳಿಸಿಕೊಂಡರು.

"ಕೀ ಎಲ್ಲಿದೆ ಅಂತ ನಿಮಗೆ ಗೊತ್ತಾ?"

"ಇಲ್ಲ ಮೇಡಂ. ನಮಗೆ ಯಾರಿಗೂ ಗೊತ್ತಿರಬಾರದು ಅಂತ—"

"ಗೊತ್ತಿದ್ರೆ ತಪ್ಪು. ಈಗ ಗೊತ್ತಿಲ್ಲದೆ ಇರೋದೂ ತಪ್ಪೇ ಆಯ್ತು, ಅಲ್ವಾ?" ಬೈದ ಹಾಗಿರಲಿಲ್ಲ. ಸುಸ್ತಾಗಿ ಹೇಳಿದರು. "ಬಂದು ಬೀರು ಒಡೆಸ್ತೀವಿ. ತಂದೆಯವರು ಎದುರಿಗೆ ಇರಬೇಕು, ಲೈಸೆನ್ಸ್ ಅವರದ್ದು. ಮೊದಲೇ ಹೇಳಿಡಿ ಅವರಿಗೆ."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಕಡೆಗೂ ಪುಟ್ಟಿಗೇ ಬಂತು.

ಏಪ್ರಿಲ್ 1

ತಮ್ಮನ ಫೋನ್. "ಮನೆಯವರೇ ಹೋಗಿ ಕಂಪ್ಲೇಂಟ್ ಕೊಡೋದು ಎಲ್ಲಾದ್ರೂ ಉಂಟಾ? ನೀನು ಅಪ್ಪನ್ನ ಜೀವ ಇರೋವಾಗ್ಲೇ ಕಳಿಸಿಬಿಟ್ಟೆ."

"ನೀನು ಬಂದು ಒಂದು ವಾರ ಇರು," ಅಂದೆ.

ಗೋಡೌನಿಗೆ ಲೋಡ್ ಬಂದಿದೆ ಅಂತ ಇಟ್ಟ.

ಏಪ್ರಿಲ್ 3

ಅಪ್ಪನಿಗೆ ಹೇಳಿದೆ. ಇವತ್ತು ತಲೆ ತಿಳಿಯಾಗಿದ್ದ ದಿನ, ಅದಕ್ಕೇ ಹೇಳಿದ್ದು. ಮರೆತ ದಿನ ಹೇಳಿದರೆ ಮೋಸ ಮಾಡಿದ ಹಾಗಾಗುತ್ತಿತ್ತು.

ಪೂರ್ತಿ ಕೇಳಿ ತಲೆ ಆಡಿಸಿದರು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಊಟಕ್ಕೆ ಕರೆದಾಗ ಬಂದರು. ತಟ್ಟೆ ನೋಡುತ್ತ, "ಉಪ್ಪು ಕೊಡಿ," ಅಂದರು. ಕೊಡಿ. ಹುಟ್ಟಿದಾಗಿನಿಂದ ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದಿಲ್ಲ.

ಏಪ್ರಿಲ್ 6

ಕೊಡಿ, ಬನ್ನಿ, ಇಡಿ. ಪುಟ್ಟಿ ಇಲ್ಲ. ಬೇರೆಲ್ಲ ಮರೆಯುತ್ತಾರೆ, ಇದೊಂದು ನೆನಪಿದೆ.

ಇಷ್ಟಕ್ಕೆ ಯಾಕೆ ಇಷ್ಟು ದುಃಖ ಆಗುತ್ತದೆ.

ಏಪ್ರಿಲ್ 9, ಬುಧವಾರ

ಬೆಳಗ್ಗೆ ಹತ್ತಕ್ಕೆ ಎಲ್ಲ ಬಂದರು. ಆಫೀಸರ್ ಮೇಡಂ, ಬೀಗ ರಿಪೇರಿಯವ ಡ್ರಿಲ್ಲಿಂಗ್ ಮಿಷನ್ ಹಿಡಿದು, ಬಂದೂಕುಗಳನ್ನು ಒಯ್ಯಲು ಡೀಲರ್ ಯಜಮಾನರು. ತಮ್ಮನೂ ಬಂದ. ನನ್ನ ಮುಖ ನೋಡಲಿಲ್ಲ.

ಅಪ್ಪ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದರು. ತಲೆ ಬಾಚಿದ್ದರು. ಬಂದವರನ್ನೆಲ್ಲ ಕ್ಲಬ್ಬಿನ ಹೊಸ ಹುಡುಗರು ಅಂದುಕೊಂಡರೋ ಏನೋ.

"ಯಾರೂ ಬಾಗಿಲಿಗೆ ಎದುರು ನಿಲ್ಲಬೇಡಿ. ಖಾಲಿ ಅಂತ ಯಾರೋ ಹೇಳಿದ್ರೆ ಬಂದೂಕು ಖಾಲಿ ಅಲ್ಲ. ನೀವೇ ತೆಗೆದು ನೋಡಿದ ಮೇಲೆ ಖಾಲಿ. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್," ಅಂದರು ಮೇಡಂ.

"ಸರಿ. ಎಲ್ಲಾ ಗೋಡೆ ಕಡೆ ತಿರುಗಿ."

ನಾಚಿಕೆಯಿಂದ ನೆಲ ನೋಡಿದೆ. ಮೊದಲು ತಿರುಗಿದವರು ಮೇಡಂ. ಫೈಲು ಎದೆಗೊತ್ತಿಕೊಂಡು, ಶಾಲೆಯ ಹುಡುಗಿಯ ಹಾಗೆ. ಆಮೇಲೆ ಡೀಲರ್. ತಮ್ಮ. ನಾನು.

"ನಾನೂನಾ ಸಾರ್?" ಅಂದ ಬೀಗದವ. "ನಾನೂ ತಿರುಗಿದ್ರೆ ಕೊರೆಯೋದ್ಯಾರು?"

ಅಪ್ಪ ಯೋಚಿಸಿದರು. "ನೀನು ಕೆಲಸ ಮಾಡು. ಮಿಕ್ಕೋರು."

ಡ್ರಿಲ್ಲಿನ ಸದ್ದು. ಕಬ್ಬಿಣ ಕಾದ ವಾಸನೆ. ತಮ್ಮನ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು, ಚಿಕ್ಕವರಿದ್ದಾಗಿನ ಹಾಗೇ. ನಾನು ಒಳಗೊಳಗೇ ಎಣಿಸುತ್ತಿದ್ದೆ, ಮೂರು ಇರಲಿ, ಮೂರೂ ಇರಲಿ. ಸದ್ದು ನಿಂತಿತು. ಬಾಗಿಲು ಕಿರ್ರೆಂದಿತು.

"ತಿರುಗಬಹುದಾ ಸಾರ್?" ಅಂದರು ಮೇಡಂ.

"ಹ್ಞಾಂ."

ಮೂರೂ ಇದ್ದವು. ನಳಿಕೆ ಬೇರೆ, ಹಿಡಿ ಬೇರೆ ಬಿಚ್ಚಿ, ಒಂದೊಂದನ್ನೂ ಹಳೆಯ ಪಂಚೆ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ ಮಲಗಿಸಿತ್ತು. ಬಟ್ಟೆಯ ಮೇಲೆಲ್ಲ ಗ್ರೀಸಿನ ಕಲೆ. ಒಳಗಿನ ಕೊಕ್ಕೆಗೆ ಬೀಗದ ಕೈಗಳು ನೇತಾಡುತ್ತಿದ್ದವು. ಬೀರಿನದು. ಡೀಲರ್ ಹತ್ತಿರ ಇದ್ದ ಸ್ಪೇರ್. ತೋಟಾ ಪೆಟ್ಟಿಗೆಯದು. ಎಲ್ಲ ಒಂದೇ ಕಡೆ.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದೆವು.

"ಮರೆತು ಒಳಗೇ ಇಟ್ಟು ಬಾಗಿಲು ತಳ್ಳಿಬಿಟ್ಟಿದ್ದಾರೆ, ಪಾಪ," ಅಂದ ತಮ್ಮ.

"ಇಲ್ಲಪ್ಪಾ," ಅಂದರು ಡೀಲರ್ ಯಜಮಾನರು. ಒಂದು ಗಂಟು ಬಿಚ್ಚಿ ನಳಿಕೆಯೊಳಗೆ ನೋಡಿದರು. "ದಿನಾ ಬಳಸೋ ಬಂದೂಕಿಗೆ ತೆಳು ಎಣ್ಣೆ. ಇಷ್ಟು ಗಟ್ಟಿ ಗ್ರೀಸ್ ಹಾಕಿ, ಬಿಚ್ಚಿ, ಸುತ್ತಿ ಇಡೋದು ಇನ್ನು ಯಾರೂ ಮುಟ್ಟಲ್ಲ ಅಂದಾಗ. ಮರೆತೋರು ಮಾಡೋ ಕೆಲಸ ಅಲ್ಲ ಇದು. ನನ್ನ ಹತ್ರ ಇದ್ದ ಕೀ ಬಂದು ತಗೊಂಡು ಹೋಗಿದ್ದು ಇದಕ್ಕೇನೇ."

ಜನವರಿ. ಡಾಕ್ಟರು ಹೇಳಿದ ಮೇಲೆ. ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ ಅಂತ ಕೇಳಿ, ಒಬ್ಬರೇ ಬಸ್ಸಿನಲ್ಲಿ ಹೋಗಿ ಗ್ರೀಸ್ ತಂದು, ನಾನು ಅಂಗಡಿಯಲ್ಲಿದ್ದಾಗ ಒಬ್ಬರೇ ಕೂತು ಮೂರನ್ನೂ ಬಿಚ್ಚಿ ಸುತ್ತಿ, ಬೀಗದ ಕೈಗಳನ್ನೆಲ್ಲ ಒಳಗೆ ತೂಗುಹಾಕಿ, ಜನ್ಮದಲ್ಲಿ ಮೊದಲ ಸಲ ಬರಿಗೈಯಲ್ಲಿ ಬಾಗಿಲು ತಳ್ಳಿದ್ದಾರೆ. ಮುಂದೆ ಬರುವ ತನ್ನಿಂದ ನಮ್ಮನ್ನು ಕಾಪಾಡುವುದಕ್ಕೆ. ಆಮೇಲೆ ಅದನ್ನೂ ಮರೆತಿದ್ದಾರೆ.

ಅಪ್ಪ ಬೀರಿನೊಳಗೆ ಬಗ್ಗಿ ನೋಡುತ್ತಿದ್ದರು. ಗಂಟು ಮುಟ್ಟಿದರು. ದಾರ ಎಳೆದು ನೋಡಿದರು. ಕೊಕ್ಕೆಯ ಕೀಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸಿದರು.

"ಯಾರು ಮಾಡಿದ್ದು ಇದನ್ನ?" ಅಂದರು.

ಡೀಲರ್ ಯಜಮಾನರು ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದರು.

"ಯಾರೋ ಕೆಲಸ ಗೊತ್ತಿರೋರು," ಅಂದರು ಅಪ್ಪ. "ಚೆನ್ನಾಗಿ ಮಾಡಿದಾನೆ."

ತಮ್ಮ ಹಿತ್ತಲಿಗೆ ಹೋದ. ಅವನು ಅತ್ತದ್ದು ಅಮ್ಮ ಹೋದಾಗ ನೋಡಿದ್ದು, ಇವತ್ತು ನೋಡಿದ್ದು.

ಏಪ್ರಿಲ್ 10

ಮೂರೂ ಡೀಲರ್ ಅಂಗಡಿಯಲ್ಲಿವೆ. ತೋಟಾ ಕೂಡ. ಲೈಸೆನ್ಸ್ ಹಿಂತಿರುಗಿಸುವ ಅರ್ಜಿಗೆ ಅಪ್ಪ ನೀಟಾಗಿ ಸಹಿ ಹಾಕಿದರು. ಏನಕ್ಕೆ ಅಂತ ಕೇಳಿದರು. ಹೇಳಿದೆ. "ರೂಲ್ ಅಂದ್ರೆ ರೂಲ್" ಅಂದರು.

ಅಜ್ಜನದ್ದನ್ನು ತಮ್ಮ ತನ್ನ ಹೆಸರಿಗೆ ಮಾಡಿಸುತ್ತಾನಂತೆ, ಓನರ್ ಗೋಡೆಗೆ ಬೋಲ್ಟ್ ಹಾಕಲು ಒಪ್ಪಿದ ಮೇಲೆ. ಇಲ್ಲದಿದ್ದರೆ ಮನೆಯನ್ನೇ ಬದಲಾಯಿಸುತ್ತಾನಂತೆ. "ಭಾನುವಾರ ನಾನು ಬಂದು ಅಪ್ಪನ ಜೊತೆ ಇರ್ತೀನಿ, ನೀನು ಮಲಕ್ಕೋ ಅಕ್ಕಾ," ಅಂದ. ನೋಡೋಣ.

ಮಧ್ಯಾಹ್ನ ಮಲಗಿ ಸಂಜೆಯ ತನಕ ಎಚ್ಚರವಾಗಲಿಲ್ಲ. ರಜೆ ಹಾಕಿದ್ದಕ್ಕೆ ಮಾಲೀಕರು ಏನಂತಾರೋ.

ಏಪ್ರಿಲ್ 22, ಬೆಳಗ್ಗೆ, ಅಂಗಡಿಗೆ ಹೊರಡುವ ಮುಂಚೆ

ಬೀರು ಖಾಲಿ. ಬೀಗ ಇದ್ದ ಜಾಗದಲ್ಲಿ ತೂತು. ತೆಗೆಸಿಬಿಡೋಣ ಅಂದುಕೊಂಡೆ, ಅಪ್ಪ ಅದರ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಇರಲಿ ಅಂತ ಬಿಟ್ಟೆ.

ದಿನಾ ಕೇಳುತ್ತಾರೆ. ಇವತ್ತೂ ಟೀ ಜೊತೆಗೇ ಶುರು.

"ಪುಟ್ಟಿ, ಬೀರಿನ ಕೀ ಎಲ್ಲಿ?"

ಪುಟ್ಟಿ ಯಾವತ್ತು ವಾಪಸ್ ಬಂದಳೋ ಸರಿಯಾಗಿ ಗೊತ್ತಿಲ್ಲ. ಕೋಪ ಮರೆತುಹೋಯಿತು ಅಂತ ಕಾಣುತ್ತದೆ.

"ಒಳಗಿಟ್ಟು ಬಾಗಿಲು ತಳ್ಳಿದ್ದಾಯ್ತು ಅಪ್ಪಾ."

"ಯಾರು ಅಂಥಾ ಕೆಲಸ ಮಾಡಿದ್ದು?"

"ನೀವೇ."

"ಬಂದೂಕು?"

"ಖಾಲಿ. ನಾನೇ ತೆಗೆದು ನೋಡಿದೀನಿ."

ಹಣೆಯ ಗೆರೆ ಒಂದೊಂದಾಗಿ ಸಡಿಲವಾಗುತ್ತದೆ. "ಹಾಗಾದ್ರೆ ಸರಿ. ನಾನೇ ಇಟ್ಟಿದ್ರೆ ಸರಿಯಾಗೇ ಇಟ್ಟಿರ್ತೀನಿ."

ಟೀ ಮೂಸಿ ನೋಡದೆ ಕುಡಿಯುತ್ತಾರೆ. ಇದೇ ಮಾತು ಸಂಜೆಯೊಳಗೆ ಇನ್ನೆಷ್ಟು ಸಲವೋ. ಬೇಜಾರಾಗಲ್ವಾ ಅಂತ ಪಕ್ಕದ ಮನೆಯವರು ಕೇಳಿದರು. ಎಲ್ಲದಕ್ಕೂ ಸುಸ್ತಾಗುತ್ತದೆ ನನಗೆ, ಸುಳ್ಳು ಯಾಕೆ. ಇದೊಂದು ಉತ್ತರ ಹೇಳುವುದಕ್ಕೆ ಮಾತ್ರ ಇನ್ನೂ ಸುಸ್ತಾಗಿಲ್ಲ.

ಈಗ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಗೋಡೆ ಕಡೆ ತಿರುಗು ಪುಟ್ಟಿ ಅಂತಿದ್ದಾರೆ. ಒಂದು ನಿಮಿಷ ಅಪ್ಪಾ, ಈ ಸಾಲು —